ಗೆರೆಯಾಚೆ ಮೂರು ಬೆರಳು

ನಾನು ಒಂದು ವಿಡಿಯೋ ಕ್ಯಾಸೆಟ್ಟು. ಹುಟ್ಟಿದ್ದು ಬೆಂಗಳೂರಿನ ಗಾಂಧಿನಗರದಲ್ಲಿ, ಒಂದು ಲಾಡ್ಜಿನ ಹಿಂದಿದ್ದ ಕಿಟಕಿಯಿಲ್ಲದ ಕೋಣೆಯಲ್ಲಿ. ಗೋಡೆಯುದ್ದಕ್ಕೂ ನಲವತ್ತು ಮೆಷಿನ್ನು, ಒಂದೊಂದರ ಬಾಯಲ್ಲೂ ನನ್ನಂಥದೊಂದು ಖಾಲಿ ಕ್ಯಾಸೆಟ್ಟು. ಮೂಲೆಯಲ್ಲಿದ್ದ ತಾಯಿ ಕ್ಯಾಸೆಟ್ಟು ಓಡತೊಡಗಿದರೆ ನಾವು ನಲವತ್ತೂ ಒಟ್ಟಿಗೆ ತುಂಬಿಕೊಳ್ಳಬೇಕು. ಎರಡೂವರೆ ಗಂಟೆಯ ಹೆರಿಗೆ. ಅಷ್ಟು ಹೊತ್ತೂ ನಮ್ಮನ್ನು ನೋಡಿಕೊಳ್ಳಬೇಕಾದವನು ಬೆಂಚಿನ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ನನ್ನ ಹುಟ್ಟಿಗೆ ಯಾರೂ ಸಡಗರ ಪಡಲಿಲ್ಲ. ಮುಂದೆ ನಾನು ಜಂಬ ಕೊಚ್ಚಿಕೊಂಡಾಗ ಇದನ್ನು ನೆನಪಿಟ್ಟುಕೊಳ್ಳಿ.

ನನ್ನೊಳಗೆ ತುಂಬಿದ್ದು 'ಸೌಟು ಸಂಘ' ಎಂಬ ಸಿನಿಮಾ. ಮದುವೆ ಮನೆಗಳಲ್ಲಿ ಹುಳಿ, ಪಾಯಸ ಮಾಡುವ ಏಳು ಜನ ಅಡುಗೆಯವರು ಕಬಡ್ಡಿ ತಂಡ ಕಟ್ಟುತ್ತಾರೆ, ಎಲ್ಲರ ಕೈಲೂ ಸೋಲುತ್ತಾರೆ, ಕೊನೆಗೆ ಪೊಲೀಸರ ತಂಡಕ್ಕೆ ಮಣ್ಣು ಮುಕ್ಕಿಸುತ್ತಾರೆ. ಹೊಟ್ಟೆ ಹೊತ್ತ ಹಾಸ್ಯನಟನೊಬ್ಬ ಅದರ ನಾಯಕ. ಥಿಯೇಟರಿನಲ್ಲಿ ಎರಡು ವಾರ ಓಡಿ ಮಲಗಿಬಿಟ್ಟಿತು. ಆಮೇಲೆ ಕ್ಯಾಸೆಟ್ಟಿನ ಕಂಪನಿಯವರು ಎತ್ತಿಕೊಂಡರು. ಸಿನಿಮಾ ಮುಗಿದ ಮೇಲೂ ನನ್ನಲ್ಲಿ ಜಾಗ ಉಳಿಯುತ್ತಿತ್ತು. ಅದನ್ನು ಹಾಗೇ ಬಿಟ್ಟರೆ ಗಿರಾಕಿ ಮುಖ ಸಿಂಡರಿಸುತ್ತಾನೆಂದು, ಶೂಟಿಂಗಿನಲ್ಲಿ ಕೆಟ್ಟುಹೋದ ತುಣುಕುಗಳನ್ನೆಲ್ಲ ಬಾಚಿ, 'ನಕ್ಕು ನಕ್ಕು ಸಾಯಿರಿ' ಎಂದು ಹೆಸರಿಟ್ಟು, ಹದಿನೆಂಟು ನಿಮಿಷ ಅಂಟಿಸಿದರು. ಆ ಹದಿನೆಂಟು ನಿಮಿಷದಲ್ಲಿ ನನ್ನ ಬಾಳು ಇರುವುದು. ಉಳಿದ ಸಿನಿಮಾ ಹಾಳಾಗಿಹೋಗಲಿ.

ಅದರ ಹನ್ನೊಂದನೇ ನಿಮಿಷದಲ್ಲಿ ಬೋರಲಿಂಗ ಬರುತ್ತಾನೆ. ಅವನು ನಟನಲ್ಲ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು, ಆ ಸುತ್ತಿನಲ್ಲೆಲ್ಲ ಅವನಂಥ ಕಬಡ್ಡಿ ಆಟಗಾರ ಇರಲಿಲ್ಲ. ಶೂಟಿಂಗು ಅದೇ ಊರಿನ ಸ್ಕೂಲ್ ಮೈದಾನದಲ್ಲಿ. ನಾಯಕನಿಗೆ ಓಡಲು ದಮ್ಮಿಲ್ಲ, ಆದ್ದರಿಂದ ಅವನ ಬದಲು ಓಡಿ ಬೀಳುವುದಕ್ಕೆ ಬೋರಲಿಂಗನನ್ನು ಕರೆದರು. ಸಣಕಲು ಮೈಗೆ ಹತ್ತಿಯ ಹೊಟ್ಟೆ ಕಟ್ಟಿದರು, ತಲೆಗೆ ವಿಗ್ಗು ಹಾಕಿದರು. ಪೊಲೀಸರ ಪಾತ್ರಕ್ಕೆ ಗರಡಿಯಿಂದ ಏಳು ಜನ ಪೈಲ್ವಾನರು ಬಂದಿದ್ದರು. ಸುಮ್ಮನೆ ಹಿಡಿದಂತೆ ಮಾಡುತ್ತಾರೆ, ನೀನು ಒದ್ದಾಡು ಎಂದು ಬೋರಲಿಂಗನಿಗೆ ಹೇಳಿದ ನಿರ್ದೇಶಕ, ಪೈಲ್ವಾನರನ್ನು ಪಕ್ಕಕ್ಕೆ ಕರೆದು ನಿಜವಾಗಿಯೇ ಹಿಡಿಯಿರಿ ಎಂದ. ಹಾಗೆ ಮಾಡಿದರೆ ಒದ್ದಾಟ ಚೆನ್ನಾಗಿ ಬರುತ್ತದಂತೆ.

ಕಬಡ್ಡಿ ಗೊತ್ತಿಲ್ಲದವರಿಗೆ ಒಂದು ಮಾತು. ಎದುರಾಳಿಗಳ ಅಂಕಣಕ್ಕೆ ಹೋದವನು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತಿರಬೇಕು. ಅವರು ಹಿಡಿದು ಕೆಡವಿದಾಗ ಉಸಿರು ಬಿಟ್ಟರೆ ಅವನು ಔಟು. ಉಸಿರು ಬಿಡದೆ ಕೈ ಚಾಚಿ ನಡುಗೆರೆ ಮುಟ್ಟಿದನೋ, ಹಿಡಿದವರೆಲ್ಲ ಔಟು.

ಏಳೂ ಜನ ಬೋರಲಿಂಗನ ಮೇಲೆ ಬಿದ್ದರು. ಬಲಗಾಲು ಮಂಡಿಯ ಕೆಳಗೆ ಲಟಕ್ಕೆಂದಿತು. ಆ ಸದ್ದು ನನ್ನಲ್ಲಿದೆ. ಹತ್ತಿಯ ಹೊಟ್ಟೆ ಕುತ್ತಿಗೆಗೆ ಏರಿ ಕೂತಿತು, ವಿಗ್ಗು ಒಂದು ಕಿವಿಗೆ ಜಾರಿತು. ಬಾಯಿ ಇಷ್ಟಗಲ ತೆರೆದು ಅವನು ಚೀರಿದ. ಆದರೆ ಆಟಗಾರ ನೋಡಿ, ಚೀರಿದ್ದನ್ನೂ 'ಕಬಡ್ಡಿ' ಎಂದೇ ಚೀರಿದ. ಕಬಾ...ಡ್ಡೀ, ಕಬಾ...ಡ್ಡೀ ಎಂದು ಅಳುತ್ತ, ಏಳು ಜನರನ್ನೂ ಎಳೆದುಕೊಂಡು ಕೈ ಚಾಚಿದ. "ಕಟ್ ಮಾಡ್ಬೇಡ್ರೀ, ಚೆನ್ನಾಗ್ ಬರ್ತಿದೆ" ಎನ್ನುವ ನಿರ್ದೇಶಕನ ದನಿಯೂ ನನ್ನಲ್ಲಿದೆ. ಕಂಪನಿಯವರು ಅದರ ಮೇಲೆ ಸ್ಪ್ರಿಂಗಿನ 'ಕೊಂಯ್' ಸದ್ದು ಹಾಕಿ, ನೂರಾರು ಜನ ನಗುವ ಸದ್ದು ಸುರಿದರು.

ಈಗಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಮುಚ್ಚಿಟ್ಟು ಸತಾಯಿಸುವ ಚಾಳಿ ನನಗಿಲ್ಲ. ಬೋರಲಿಂಗ ಗೆರೆ ಮುಟ್ಟಿದ್ದ. ಚಿತ್ರದ ಕೆಳಗಿನ ಅಂಚಿನಲ್ಲಿ ಅವನ ಕೈ ಕಾಣುತ್ತದೆ. ಸುಣ್ಣದ ಗೆರೆಯಾಚೆ ಮೂರು ಬೆರಳು, ಉಗುರು ಮಣ್ಣಿನಲ್ಲಿ. ಏಳೂ ಪೈಲ್ವಾನರು ಔಟು. ಸಿನಿಮಾದೊಳಗೆ ಆ ಗೆಲುವಿಗೆ ನಾಯಕನ ಕೈಯನ್ನು ಬೇರೆಯಾಗಿ ಶೂಟ್ ಮಾಡಿ ಸೇರಿಸಿದ್ದಾರೆ, ಉಂಗುರ ಸಮೇತ. ಬೋರಲಿಂಗನ ಕೈ ಇದ್ದದ್ದು ಆ ಕೆಟ್ಟ ತುಣುಕಿನಲ್ಲಿ ಮಾತ್ರ.

ನನ್ನನ್ನು ಮೊದಲು ಕೊಂಡವನು ತಿಪಟೂರಿನ ಪಂಚಾಕ್ಷರಿ. ಬಸ್‌ಸ್ಟ್ಯಾಂಡಿನ ಪಕ್ಕ ಅವನದೊಂದು ವಿಡಿಯೋ ಲೈಬ್ರರಿ. ಊರಿನ ಮೈದಾನ ಸಿನಿಮಾದಲ್ಲಿದೆ ಎಂದು ಮೊದಮೊದಲು ನಾಲ್ಕು ಜನ ಒಯ್ದರು. ಒಂದು ದಿನ ಯಾರದೋ ಮನೆಯಲ್ಲಿ ಸಿನಿಮಾ ಮುಗಿದ ಮೇಲೂ ಆಫ್ ಮಾಡುವುದನ್ನು ಮರೆತರು. ನಾನು ಓಡುತ್ತಲೇ ಹೋಗಿ ಬೋರಲಿಂಗನನ್ನು ಬೀಳಿಸಿದೆ. ಅವತ್ತಿನಿಂದ ನನ್ನ ದೆಸೆ ತಿರುಗಿತು ನೋಡಿ. 'ಬೋರನ ಕ್ಯಾಸೆಟ್ಟು' ಎಂದೇ ನನ್ನ ಹೆಸರಾಯಿತು. ಆ ಜಾಗ ಥಟ್ಟನೆ ಸಿಗಲಿ ಎಂದು ಪಂಚಾಕ್ಷರಿ ಅಲ್ಲಿ ಮೆಷಿನ್ನು ತೋರಿಸುವ ನಂಬರನ್ನು ಕೆಂಪು ಪೆನ್ನಿನಲ್ಲಿ ನನ್ನ ಬೆನ್ನಿನ ಮೇಲೆ ಬರೆದ.

ನನಗೆ ಎಷ್ಟು ಖುಷಿಯಾಯಿತೆಂದರೆ! ಅಕ್ಕಪಕ್ಕದ ಭಕ್ತಿ ಸಿನಿಮಾಗಳು ಧೂಳು ತಿನ್ನುತ್ತಿದ್ದರೆ ನಾನು ಮನೆಯಿಂದ ಮನೆಗೆ ಓಡಾಡುತ್ತಿದ್ದೆ. ಮುದುಕರು, ಬಸುರಿಯರು, ಶ್ಯಾನುಭೋಗರ ಮನೆಯ ಅತ್ತೆ ಸೊಸೆ, ಎಲ್ಲರೂ ನನ್ನೆದುರು ಹೊಟ್ಟೆ ಹಿಡಿದುಕೊಂಡು ನಕ್ಕವರೇ. ಬಿದ್ದ ತಕ್ಷಣ ಹಿಂದಕ್ಕೆ ಸುತ್ತಿ ಮತ್ತೆ ಬೀಳಿಸುತ್ತಿದ್ದರು. ಅವನ ಬಾಯಿ ಅಗಲವಾದ ಕಡೆ ನನ್ನನ್ನು ನಿಲ್ಲಿಸಿ, ಕಾಫಿ ಕುಡಿದು ಬಂದು ಮತ್ತೆ ಬಿಡುತ್ತಿದ್ದರು. ನಿಲ್ಲಿಸಿದಾಗ ನಾನು ಸುಮ್ಮನೆ ನಿಂತಿದ್ದೇನೆ ಎಂದು ನೋಡುವವರಿಗೆ ಅನಿಸುತ್ತದೆ. ಒಳಗೆ ಮೆಷಿನ್ನಿನ ತಲೆ ಗಿರಗಿರನೆ ತಿರುಗುತ್ತ ಅದೇ ಒಂದು ಜಾಗವನ್ನು ಉಜ್ಜುತ್ತಿರುತ್ತದೆ. ನನಗೆ ಉರಿಯುತ್ತಿತ್ತು. ಆದರೂ ಜನ ನಗುತ್ತಿದ್ದಾರಲ್ಲ ಎಂದು ಸಹಿಸಿಕೊಂಡೆ. ಇಲ್ಲ, ಸಹಿಸಿಕೊಂಡೆ ಎನ್ನುವುದು ಸುಳ್ಳು, ನನಗೆ ಅದು ಬೇಕಾಗಿತ್ತು.

ಬೋರಲಿಂಗನ ಕಾಲು ಸೊಟ್ಟಗೇ ಕೂಡಿಕೊಂಡಿತ್ತು. ಮೂಟೆ ಹೊರುವ ಹಾಗಿಲ್ಲ. ಮಂಡಿಯ ಅಂಗಳದಲ್ಲಿ ಕಾಲು ಚಾಚಿ ಕೂತು ಕೊಬ್ಬರಿ ಆರಿಸುವುದೇ ಅವನ ಕೆಲಸವಾಯಿತು. ಹೆಂಡತಿ ಇರಲಿಲ್ಲ, ಜಯಶೀಲ ಎಂಬ ಮಗಳು. ಅವಳಿಗೆ ಏಳು ವರ್ಷವಾಗಿದ್ದಾಗ ಅವರ ಬೀದಿಯವರೆಲ್ಲ ಕಡೂರಿಗೆ ಮದುವೆ ದಿಬ್ಬಣ ಹೊರಟರು. ಟಿವಿ ಕೂರಿಸಿದ ಬಸ್ಸು, ವಿಡಿಯೋ ಕೋಚು. ನನ್ನನ್ನೂ ಕರೆದುಕೊಂಡು ಹೋದರು. ಬಾಣಾವರ ದಾಟುವ ಹೊತ್ತಿಗೆ ಡ್ರೈವರು ನೇರವಾಗಿ ಆ ಕೆಂಪು ನಂಬರಿಗೇ ಹಚ್ಚಿದ. ಮುಂದಿನ ಸೀಟಿನಲ್ಲಿ ಕೂತಿದ್ದ ಮಕ್ಕಳೆಲ್ಲ ಕಿರುಚಿ ನಕ್ಕರು. ಜಯಶೀಲಳೂ ನಕ್ಕಳು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು. ಹತ್ತಿಯ ಹೊಟ್ಟೆ, ವಿಗ್ಗು, ಅವಳಿಗೆ ಹೇಗೆ ಗುರುತು ಸಿಗಬೇಕು? ಪಕ್ಕದಲ್ಲಿದ್ದ ಹೆಂಗಸೊಬ್ಬಳು ನಗು ತಡೆದುಕೊಂಡು ಹೇಳಿದಳು. "ಅದು ನಿಮ್ಮಪ್ಪ ಕಣೇ."

ಮಗು ಹಿಂತಿರುಗಿ ನೋಡಿತು. ಬೋರಲಿಂಗ ಕೊನೆಯ ಸೀಟಿನಲ್ಲಿ ಊರುಗೋಲು ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಕಡೂರು ಬರುವವರೆಗೆ ನನ್ನನ್ನು ಇನ್ನೂ ಆರು ಸಲ ಸುತ್ತಿದರು. ಜಯಶೀಲ ಮತ್ತೆ ನಗಲಿಲ್ಲ.

ಆ ಮದುವೆಯಾದ ವಾರ ಬೋರಲಿಂಗ ಲೈಬ್ರರಿಗೆ ಬಂದ. ಅಲ್ಲಿಯವರೆಗೂ ಅವನು ನನ್ನನ್ನು ಸರಿಯಾಗಿ ನೋಡಿರಲೇ ಇಲ್ಲ. ಅವನ ಮನೆಯಲ್ಲಿ ಟಿವಿ ಇರಲಿಲ್ಲ, ಬೇರೆ ಕಡೆ ಹಾಕಿದರೆ ಎದ್ದು ಹೋಗುತ್ತಿದ್ದ. ಬಾಗಿಲ ಹತ್ತಿರ ನಿಂತು ಕೇಳಿದ.

"ಕೈ ಒಂದ್ಕಿತ ನೋಡ್ಬೇಕಿತ್ತು ಕಣಣ್ಣ. ನಾನು ಗೆರೆ ಮುಟ್ಟಿದ್ದೆ."

ಪಂಚಾಕ್ಷರಿ ಕೆಟ್ಟವನೇನಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುವ ಜಾತಿ. ಆದರೆ ಬಿಟ್ಟಿ ತಮಾಷೆ ಎಂದರೆ ಜೀವ ಬಿಡುತ್ತಿದ್ದ. ಭಾನುವಾರ ಮಧ್ಯಾಹ್ನ ಬಾ ಎಂದು ಹೇಳಿ, ಮಂಡಿಯವರಿಗೆಲ್ಲ ಸುದ್ದಿ ಮುಟ್ಟಿಸಿದ. ಬೋರಲಿಂಗ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಾಗ ಅಂಗಡಿಯ ತುಂಬ ಜನ. ಅವನನ್ನು ಮುಂದೆ ಸ್ಟೂಲಿನ ಮೇಲೆ ಕೂರಿಸಿ ನನ್ನನ್ನು ಹಚ್ಚಿದರು. ಅವನು ಬಿದ್ದ, ಬಾಯಿ ತೆರೆಯಿತು, ಪಂಚಾಕ್ಷರಿ ನಿಲ್ಲಿಸಿದ.

ನಿಲ್ಲಿಸಿದಾಗ ಚಿತ್ರದ ಕೆಳಭಾಗದಲ್ಲಿ ಬಿಳಿ ಪಟ್ಟಿಗಳು ಬಂದು ಕೂರುವುದು ನನ್ನ ಜಾತಿಯ ರೋಗ. ಆ ಪಟ್ಟಿಯ ಕೆಳಗೆ ಅವನ ಕೈ ಮುಚ್ಚಿಹೋಗಿತ್ತು. ಮೇಲೆ ಬಾಯಿ ಮಾತ್ರ, ಗವಿಯ ಹಾಗೆ. ಒಬ್ಬ ಎದ್ದುಹೋಗಿ ಆ ಬಾಯೊಳಗೆ ಬಾಳೆಹಣ್ಣು ಇಟ್ಟಂತೆ ಮಾಡಿದ. ಇನ್ನೊಬ್ಬ ಹಲ್ಲು ಎಣಿಸಿದ. ನಿಲ್ಲಿಸಬೇಡಿ, ನಿಧಾನಕ್ಕೆ ಓಡಿಸಿ, ಕೈ ತೋರಿಸಿ ಎಂದು ಬೋರಲಿಂಗ ಅಂಗಲಾಚಿದ. ಮುಖ ಬಿಟ್ಟು ಕೈ ಯಾರು ನೋಡುತ್ತಾರೆ ಎಂದು ಪಂಚಾಕ್ಷರಿ ಮತ್ತೆ ಹಿಂದಕ್ಕೆ ಸುತ್ತಿದ. ಹಾಗೆ ಎಷ್ಟು ಸಲವೋ. ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು, ನಿಲ್ಲಿಸಿದರೆ ಪಟ್ಟಿ. ಬೋರಲಿಂಗ ಕೋಲೂರಿಕೊಂಡು ಎದ್ದು ಹೋದ. ಅವನು ಹೋದ ಮೇಲೂ ನನ್ನನ್ನು ಸಂಜೆಯವರೆಗೆ ಓಡಿಸಿದರು. ಅವತ್ತು ನನ್ನ ಆ ಜಾಗದ ಕಪ್ಪು ಪುಡಿ ಉದುರಿ ಮೆಷಿನ್ನಿನೊಳಗೆ ಬಿತ್ತು. ನನಗೆ ಗೊತ್ತಾಯಿತು, ಆದರೂ ನಾನು ಆ ದಿನದ ಚಪ್ಪಾಳೆಯ ಗುಂಗಿನಲ್ಲಿದ್ದೆ.

ವರ್ಷಗಳು ಹೋದವು. ಜಯಶೀಲ ಹೈಸ್ಕೂಲಿಗೆ ಬಂದಳು, ಕಬಡ್ಡಿಗೆ ಇಳಿದಳು. ಕಲಿಸಿದವನು ಅಪ್ಪನೇ. ಮಂಡಿಯ ಅಂಗಳದಲ್ಲಿ ಇದ್ದಿಲಿನ ಗೆರೆ ಎಳೆದು, ಕೂತಲ್ಲಿಂದಲೇ ಹೇಳಿಕೊಡುತ್ತಿದ್ದ. ಆಟದ ಬಗ್ಗೆ ಅವನಿಗೊಂದು ಹಟವಿತ್ತು. ಗೆರೆ ಮುಟ್ಟಿದ್ದನ್ನು ಕಣ್ಣಾರೆ ಕಾಣದೆ ಮುಟ್ಟಿತು ಎನ್ನಬಾರದು, ತನ್ನ ಕಡೆಯವರಾದರೂ ಅಷ್ಟೆ. ಈ ಒಂದು ವಿಷಯದಲ್ಲಿ ತಪ್ಪಿದರೆ ಮಗಳ ಬೆನ್ನಿಗೆ ಗುದ್ದುತ್ತಿದ್ದ. ಇದೆಲ್ಲ ನನಗೆ ಲೈಬ್ರರಿಗೆ ಬರುತ್ತಿದ್ದ ಮಂಡಿಯವರ ಬಾಯಿಂದ ಗೊತ್ತಾಗುತ್ತಿತ್ತು. ಅವರು ಇನ್ನೊಂದನ್ನೂ ಹೇಳಿ ನಗುತ್ತಿದ್ದರು. ಜಯಶೀಲ ಎದುರು ಅಂಕಣಕ್ಕೆ ಕಾಲಿಟ್ಟರೆ ಸಾಕು, ಸುತ್ತ ನಿಂತವರು ಕಬಾ...ಡ್ಡೀ, ಕಬಾ...ಡ್ಡೀ ಎಂದು ಅವಳ ಅಪ್ಪನ ದನಿಯಲ್ಲಿ ಅಳುತ್ತಾರಂತೆ. ಅವರಿಗೆ ಆ ರಾಗ ಕಲಿಸಿದ್ದು ನಾನು.

ಹತ್ತನೇ ಕ್ಲಾಸಿನಲ್ಲಿ ಅವಳ ಹೆಸರು ಜಿಲ್ಲಾ ತಂಡದ ಆಯ್ಕೆಗೆ ಹೋಯಿತು. ಆಗ ಅವಳು ಅಪ್ಪನ ಹತ್ತಿರ ಒಂದೇ ಮಾತು ಕೇಳಿದಳಂತೆ. ನೀನು ನಿಜವಾಗಿ ಮುಟ್ಟಿದ್ದರೆ ತೋರಿಸು, ಆಮೇಲೆ ಊರೇ ಅತ್ತು ಅಣಕಿಸಿದರೂ ನಾನು ಆಡುತ್ತೇನೆ. ತೋರಿಸದಿದ್ದರೆ ಆ ಕೂಗಿನ ನಡುವೆ ನನ್ನ ಕೈಲಾಗುವುದಿಲ್ಲ.

ಆ ಹೊತ್ತಿಗೆ ಕ್ಯಾಸೆಟ್ಟಿನ ಕಾಲ ಮುಗಿದಿತ್ತು. ತಟ್ಟೆಯಂಥ ಸಿಡಿಗಳು ಬಂದಿದ್ದವು. 'ಸೌಟು ಸಂಘ'ವೂ ಬಂತು, ಆದರೆ ಅದರಲ್ಲಿ ಹದಿನೆಂಟು ನಿಮಿಷ ಇರಲಿಲ್ಲ. ಜಾಗ ಸಾಲಲಿಲ್ಲವೆಂದು ಕಿತ್ತುಹಾಕಿದ್ದರು. ನನ್ನ ಒಡಹುಟ್ಟಿದವುಗಳ ಮೇಲೆ ಜನ ತಮ್ಮ ತಮ್ಮ ಮದುವೆ, ನಾಮಕರಣ ತುಂಬಿಸಿಕೊಂಡಿದ್ದರಂತೆ. ಬೋರಲಿಂಗನ ಕೈ ಇನ್ನೆಲ್ಲೂ ಇರಲಿಲ್ಲ, ನನ್ನೊಳಗೆ ಮಾತ್ರ. ಪಂಚಾಕ್ಷರಿ ಲೈಬ್ರರಿ ಮುಚ್ಚಿ ಟೆಲಿಫೋನ್ ಬೂತು ಇಡಲು ಹೊರಟಿದ್ದ. ನಮ್ಮನ್ನೆಲ್ಲ ಗೋಣಿಚೀಲಕ್ಕೆ ತುರುಕುತ್ತಿದ್ದಾಗ ಬೋರಲಿಂಗ ಬಂದು, ಅದೊಂದು ಕ್ಯಾಸೆಟ್ಟು ಕೊಡಿ ಎಂದ.

ಸುಮ್ಮನೆ ಕೊಡಬಹುದಿತ್ತು. ಎಸೆಯುವ ಸಾಮಾನು ತಾನೆ? ಅಂಗಡಿಯಲ್ಲಿ ಇನ್ನೂ ನಾಲ್ಕೈದು ಜನ ಇದ್ದರು. ಪಂಚಾಕ್ಷರಿ ನನ್ನನ್ನು ಕೈಯಲ್ಲಿ ಆಡಿಸುತ್ತ ಅವರ ಕಡೆ ಕಣ್ಣು ಹೊಡೆದ.

"ಒಂದ್ಸಲ ಹಂಗೇ ಕೂಗ್ಬಿಡು ಬೋರಣ್ಣ, ಎತ್ಕೊಂಡ್ ಹೋಗು."

ಬೋರಲಿಂಗ ಎಲ್ಲರ ಮುಖ ನೋಡಿದ. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಮೆಲ್ಲಗೆ ಕೂತ, ಬೋರಲಾದ. ಸೊಟ್ಟ ಕಾಲು ಮಡಿಸಲು ಬರಲಿಲ್ಲ, ಕೈಯಿಂದ ಎಳೆದು ಇಟ್ಟುಕೊಂಡ. ಉಸಿರು ತುಂಬಿಕೊಂಡು ಕಬಡ್ಡಿ ಕಬಡ್ಡಿ ಎಂದು ಶುರು ಮಾಡಿ, ಹನ್ನೊಂದನೇ ನಿಮಿಷ ಹೇಗಿದೆಯೋ ಹಾಗೇ ಕೂಗಿದ. ಒಂದು ಸ್ವರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಗಡಿ ನಗುವಿನಿಂದ ಹಾರಿಹೋಯಿತು. ಒಬ್ಬ ಇನ್ನೊಂದು ಸಲ ಎಂದ. ಬೋರಲಿಂಗ ಇನ್ನೊಂದು ಸಲವೂ ಕೂಗಿದ. ನಾನು ಹುಟ್ಟಿ ಹತ್ತು ವರ್ಷವಾಗಿತ್ತು, ಮೊದಲ ಸಲ ನನಗೆ ನಾಚಿಕೆಯಾಯಿತು.

ಹೈಸ್ಕೂಲಿನ ಆಟದ ಟೀಚರು ಲೀಲಾವತಿ. ಸ್ಕೂಲಿನ ಬೀರುವಿನಲ್ಲಿ ಹಳೇ ಮೆಷಿನ್ನೊಂದಿತ್ತು, ಆಕೆ ಹೊರತೆಗೆದು ಒರೆಸಿ ಜೋಡಿಸಿದರು. ಆಯ್ಕೆಗೆ ಇನ್ನು ಎರಡು ದಿನ. ಊಟದ ಬಿಡುವಿನಲ್ಲಿ ವಿಜ್ಞಾನದ ಕೋಣೆಯಲ್ಲಿ ಮೂವರೇ ಕೂತರು, ಟೀಚರು, ಅಪ್ಪ, ಮಗಳು. ಬೋರಲಿಂಗ ಒಗೆದ ಅಂಗಿ ಹಾಕಿಕೊಂಡಿದ್ದ. ಮೆಷಿನ್ನಿಗೆ ಹೋಗುವಾಗ ನಾನು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ, ನನ್ನ ಜಾತಿಗೆ ದೇವರಿಲ್ಲ. ಇಷ್ಟು ವರ್ಷ ನಗಿಸಿದ್ದು ಸಾಕು, ಇದೊಂದು ಸಲ ಸರಿಯಾಗಿ ತೋರಿಸುವಂತಾಗಲಿ ಎಂದುಕೊಂಡೆ.

ಬೋರಲಿಂಗ ಓಡಿದ. ಏಳು ಜನ ಬಿದ್ದರು. ಲಟಕ್ ಎಂದಿತು. ಬಾಯಿ ತೆರೆಯುವ ಹೊತ್ತಿಗೆ ಪರದೆಯ ತುಂಬ ಬಿಳಿ ಬೂದಿ ಸುರಿಯಿತು. ಕೂಗು ಮಾತ್ರ ಕೇಳುತ್ತಿತ್ತು. ಬೂದಿ ಸರಿದಾಗ ಪೈಲ್ವಾನರು ಮೈ ಕೊಡವಿಕೊಂಡು ನಗುತ್ತ ಏಳುತ್ತಿದ್ದರು. ಟೀಚರು ಸುತ್ತಿ ಮತ್ತೆ ಹಾಕಿದರು. ಮತ್ತೆ ಬೂದಿ. ಬೋರಲಿಂಗ ಎದ್ದುಹೋಗಿ ಟಿವಿಯ ಮುಂದೆ ಸೊಟ್ಟ ಕಾಲು ಪಕ್ಕಕ್ಕೆ ಚಾಚಿ ಒಂದೇ ಮಂಡಿಯೂರಿ, ಪರದೆಯ ಕೆಳಗಿನ ಅಂಚಿನಲ್ಲಿ ಬೆರಳಿಟ್ಟು, ಇಲ್ಲಿ, ಇಲ್ಲೇ ಎಂದು ತೋರಿಸಿದ. ಬೆರಳಿನ ಸುತ್ತ ಬೂದಿ ಕುಣಿಯಿತು. ಮೂರನೇ ಸಲ ನನ್ನ ಸವೆದ ಜಾಗ ಮೆಷಿನ್ನಿಗೆ ಸುತ್ತಿಕೊಂಡು ಕಚಕ್ಕೆಂದು ಹರಿಯಿತು.

ಬೋರಲಿಂಗ ಮಂಡಿಯೂರಿದ ಕಡೆಯಿಂದಲೇ ಮಗಳ ಕಡೆ ತಿರುಗಿ ಕೇಳಿದ.

"ಮುಟ್ತಲ್ಲವ್ವಾ?"

ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು? ಟೀಚರು ಕೂಡ ಹೇಳು ಎನ್ನುವಂತೆ ಅವಳ ಭುಜ ಮುಟ್ಟಿದರು. ಆದರೆ ಅವಳಿಗೆ ಆಟ ಕಲಿಸಿದವನು ಅವನೇ. ಅವಳು ಅತ್ತುಕೊಂಡೇ ಹೇಳಿದಳು. "ಕಾಣ್ಲಿಲ್ಲ ಕಣಪ್ಪ."

ಅವನು ಬೈಯಲಿಲ್ಲ. ಸರಿ ಎನ್ನುವಂತೆ ತಲೆಯಾಡಿಸಿ, ಜೋತುಬಿದ್ದಿದ್ದ ನನ್ನನ್ನು ಮೆಷಿನ್ನಿನಿಂದ ಬಿಡಿಸಿ, ಟವೆಲಿನಲ್ಲಿ ಸುತ್ತಿಕೊಂಡ. ಎರಡು ದಿನ ಬಿಟ್ಟು ಜಯಶೀಲ ತುಮಕೂರಿಗೆ ಆಯ್ಕೆಗೆ ಹೋದಳು. ಮೂವರು ಹಿಡಿದು ಕೆಡವಿದಾಗ ಗೆರೆ ಒಂದು ಮೊಳ ದೂರದಲ್ಲಿತ್ತಂತೆ. ಬೇಲಿಯಾಚೆ ನಿಂತಿದ್ದ ನಮ್ಮೂರವರಿಂದ ಆ ಅಳುವ ರಾಗ ಬಂತಂತೆ. ಸಂಜೆ ಮನೆಗೆ ಬಂದು, ಉಸಿರು ಬಿಟ್ಟುಬಿಟ್ಟೆ ಎಂದಷ್ಟೇ ಅಪ್ಪನಿಗೆ ಹೇಳಿದಳು. ಆಮೇಲೆ ಅವಳು ಅಂಕಣಕ್ಕೆ ಇಳಿಯಲಿಲ್ಲ. ಈಗ ಗುಬ್ಬಿಯಲ್ಲಿ ಗಂಡನ ಜೊತೆ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾಳೆ. ಹಬ್ಬಕ್ಕೆ ಬರುತ್ತಾಳೆ, ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತಾಳೆ, ಕಬಡ್ಡಿಯ ಮಾತು ಎತ್ತುವುದಿಲ್ಲ.

ನನ್ನನ್ನು ಬೋರಲಿಂಗ ಬಿಸಾಡಲಿಲ್ಲ. ಡಬ್ಬಿ ಒಡೆದು, ಕರುಳನ್ನೆಲ್ಲ ಹೊರಗೆಳೆದು, ಮಂಡಿಯ ಅಂಗಳದಲ್ಲಿ ಒಣಹಾಕುವ ಕೊಬ್ಬರಿಯ ಮೇಲೆ ಕಂಬದಿಂದ ಕಂಬಕ್ಕೆ ಕಟ್ಟಿದ. ಗಾಳಿ ಬಂದರೆ ನಾನು ಗುಂಯ್‌ಗುಡುತ್ತೇನೆ, ಬಿಸಿಲಿಗೆ ಮಿಂಚುತ್ತೇನೆ, ಕಾಗೆಗಳು ಹತ್ತಿರ ಬರುವುದಿಲ್ಲ. ಊರನ್ನೆಲ್ಲ ನಗಿಸಿದವನ ಈಗಿನ ಉದ್ಯೋಗ ಕಾಗೆ ಓಡಿಸುವುದು. ನನಗಿದು ತಕ್ಕುದೇ.

ಮಧ್ಯಾಹ್ನ ಊಟವಾದ ಮೇಲೆ ಮೂಟೆ ಹೊರುವವರು ಅಂಗಳದಲ್ಲಿ ಕಬಡ್ಡಿ ಆಡುತ್ತಾರೆ. ಹೊಸ ಆಳುಗಳು, ಸಿನಿಮಾ ನೋಡಿದವರಲ್ಲ. ನಡುಗೆರೆಗೆ ಸುಣ್ಣ ಎಲ್ಲಿಂದ ತರಬೇಕು? ಕಂಬದಿಂದ ಕಿತ್ತುಬಿದ್ದಿದ್ದ ನನ್ನ ತುಂಡೊಂದನ್ನು ನೆಲಕ್ಕೆ ಎಳೆದು ಎರಡು ಕಡೆ ಮೊಳೆ ಹೊಡೆದಿದ್ದಾರೆ. ಒಂದು ತುದಿ ಹರಿದಿದೆ, ಅಲ್ಲಿ ಕಪ್ಪು ಉದುರಿ ಬಿಳುಚಿದೆ. ಆ ಜಾಗ ಯಾವುದೆಂದು ಅವರಿಗೆ ಗೊತ್ತಿಲ್ಲ.

ದಿನವೂ ಬೆವೆತ ಕೈಗಳು ಬಂದು ನನ್ನ ಮೇಲೆ ಬೀಳುತ್ತವೆ. ಕೆಲವು ಮುಟ್ಟುತ್ತವೆ, ಕೆಲವು ಮುಟ್ಟುವುದಿಲ್ಲ, ನನಗೆ ಪ್ರತಿಯೊಂದೂ ಗೊತ್ತಾಗುತ್ತದೆ. ಅವರು ಮಾತ್ರ ಜಗಳಕ್ಕೆ ನಿಲ್ಲುತ್ತಾರೆ. ಆಮೇಲೆ ಗೋಡೆಯ ನೆರಳಿನಲ್ಲಿ ಕೊಬ್ಬರಿ ಆರಿಸುತ್ತ ಕೂತ ಬೋರಲಿಂಗನ ಕಡೆ ತಿರುಗುತ್ತಾರೆ. ಅವನಿಗೆ ತಲೆ ನರೆತಿದೆ. ತಾನು ಮುಟ್ಟಿದ್ದೆ ಎಂದು ಅವನು ಈಚೆಗೆ ಯಾರ ಹತ್ತಿರವೂ ಹೇಳುವುದಿಲ್ಲ. ಅವನಿಗೇ ಈಗ ಖಾತ್ರಿಯಿಲ್ಲ ಎಂದು ನನಗೆ ಅನಿಸುತ್ತದೆ.

ನಿನ್ನೆಯೂ ಹಾಗೇ ಆಯಿತು. ಐದು ಜನರ ಕೆಳಗೆ ಸಿಕ್ಕಿದ್ದ ಒಬ್ಬ ಒದ್ದಾಡಿ ಕೈ ಚಾಚಿದ. ಮೂರು ಬೆರಳು ನನ್ನನ್ನು ದಾಟಿ ಆಚೆ ಬಿದ್ದವು, ಉಗುರು ಮಣ್ಣಿಗೆ ಇಳಿಯಿತು. ಬೋರಣ್ಣ, ಮುಟ್ಟಿದನಾ ಎಂದು ಎಲ್ಲರೂ ಕೇಳಿದರು. ಬೋರಲಿಂಗ ಕಣ್ಣು ಕಿರಿದು ಮಾಡಿ ಆ ಕೈಯನ್ನೇ ಬಹಳ ಹೊತ್ತು ನೋಡಿದ.

"ಕಾಣ್ಲಿಲ್ಲ ಕಣ್ರಪ್ಪ" ಎಂದು ಹೇಳಿ ಮತ್ತೆ ಕೊಬ್ಬರಿಗೆ ಕೈಹಾಕಿದ.